ಮೇಣದ ಹೂವಿನ ಬಳ್ಳಿ ಮತ್ತು ಹೆಸರುಳಿಯದ ತೋಟಗಾರರು



ನಾಗಮಂಗಲದಲ್ಲಿ ನನ್ನ ಬಳಿ ಓದಿ, ಈಗ ದೂರದ ಊರಿನಲ್ಲಿ ಸಂಸಾರ ಹೂಡಿರುವ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ಪತ್ರ ಬರೆದು, "ಮೇಷ್ಟ್ರೇ, ನಿಮ್ಮ ಮನೆಯ ಜಗುಲಿಯಲ್ಲಿದ್ದ ಮೇಣದ ಹೂವಿನ ಬಳ್ಳಿಯ ತುಂಡೊಂದನ್ನು ಅಮ್ಮನವರು ನನಗೆ ಕೊಟ್ಟಿದ್ದರು. ಅದು ಕಿಟಕಿಯ ತುಂಬ ಹಬ್ಬಿದೆ. ಆದರೆ ಒಂದು ಹೂವನ್ನೂ ಕಂಡಿಲ್ಲ. ಏನು ಮಾಡಲಿ?" ಎಂದು ಕೇಳಿದ್ದಾಳೆ. ಎರಡು ಸಾಲಿನ ಉತ್ತರ ಬರೆದು ಕಳುಹಿಸಬಹುದಿತ್ತು. ಆದರೆ ಚರಿತ್ರೆಯ ಮೇಷ್ಟರನ್ನು ಗಿಡದ ವಿಷಯ ಕೇಳಿದರೆ ಅವನು ಮೊದಲು ಗಿಡದ ವಂಶಾವಳಿಗೆ ಕೈಹಾಕುತ್ತಾನೆ. ಆಕೆ ಸ್ವಲ್ಪ ತಾಳ್ಮೆಯಿಂದ ಓದಲಿ, ಉತ್ತರ ಕೊನೆಗೆ ಬಂದೇ ಬರುತ್ತದೆ.

ಮೇಣದ ಹೂವಿಗೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು ಹೋಯ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜಾತಿ ಹೋಯ ಕಾರ್ನೋಸ, ಅಂದರೆ ಮಾಂಸಲವಾದ ಎಲೆಯುಳ್ಳದ್ದು. ಅದು ಮೂಲತಃ ದಕ್ಷಿಣ ಚೀನಾ ಮತ್ತು ಅದರ ಆಸುಪಾಸಿನ ನಾಡುಗಳದು. ನಕ್ಷತ್ರದಾಕಾರದ ಪುಟ್ಟ ಹೂವುಗಳು ಇಪ್ಪತ್ತು ಮೂವತ್ತು ಸೇರಿ ಚೆಂಡಿನಂತೆ ಜೋತುಬೀಳುತ್ತವೆ. ಮುಟ್ಟಿದರೆ ಯಾರೋ ಮೇಣದಲ್ಲಿ ಎರಕ ಹೊಯ್ದು ಮಾಡಿದಂತೆ ಕಾಣುತ್ತದೆ. ಹಗಲೆಲ್ಲ ಸುಮ್ಮನಿದ್ದು, ದೀಪ ಹಚ್ಚುವ ಹೊತ್ತಿಗೆ ಪರಿಮಳ ಬೀರಲಾರಂಭಿಸುತ್ತದೆ. ಈ ಕುಲಕ್ಕೆ ಹೋಯ ಎಂದು 1810ರಲ್ಲಿ ಹೆಸರಿಟ್ಟವನು ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನ್. ಯಾರ ನೆನಪಿಗೆ ಇಟ್ಟನೆಂಬುದೇ ನನಗೆ ಬಹುಕಾಲದಿಂದ ಪ್ರಿಯವಾದ ಸಂಗತಿ. ರಾಜನ ಹೆಸರನ್ನಿಡಲಿಲ್ಲ, ಗವರ್ನರನ ಹೆಸರನ್ನಿಡಲಿಲ್ಲ. ಲಂಡನ್ನಿನ ಬಳಿಯ ಸಯಾನ್ ಹೌಸ್ ಎಂಬಲ್ಲಿ ನಾರ್ತಂಬರ್‌ಲೆಂಡಿನ ಡ್ಯೂಕನ ತೋಟವನ್ನು ದಶಕಗಳ ಕಾಲ ನೋಡಿಕೊಂಡ ಥಾಮಸ್ ಹೋಯ್ ಎಂಬ ತೋಟಗಾರನ ಹೆಸರನ್ನಿಟ್ಟನು. ಡ್ಯೂಕನ ಹೆಸರು ನಮಗೇಕೆ ಬೇಕು? ತೋಟಗಾರನ ಹೆಸರು ಮಾತ್ರ ಇಂದು ಜಗತ್ತಿನ ಸಾವಿರಾರು ಕಿಟಕಿಗಳಲ್ಲಿ ತೂಗಾಡುತ್ತಿದೆ.

ಇದನ್ನು ಮೊದಲ ಬಾರಿ ಓದಿದಾಗ ನಾನು ಶ್ರೀರಂಗಪಟ್ಟಣದಲ್ಲಿದ್ದೆ. ಒಡನೆಯೇ ಮನಸ್ಸು ಗಂಜಾಮಿನತ್ತ ಹರಿಯಿತು. ಗಂಜಾಂ ಎಂದರೆ ನಿಮಗೆ ಅಂಜೂರದ ಹಣ್ಣು ನೆನಪಾಗಬಹುದು. ದ್ವೀಪದ ಆ ಪೂರ್ವಭಾಗದಲ್ಲೇ, ಸಂಗಮಕ್ಕೆ ಹೋಗುವ ದಾರಿಯಲ್ಲಿ, ಟಿಪ್ಪುವಿನ ಲಾಲ್‌ಬಾಗ್ ಇತ್ತು. ಲಾಲ್‌ಬಾಗ್ ಎಂದೊಡನೆ ಎಲ್ಲರೂ ಬೆಂಗಳೂರಿನದನ್ನೇ ನೆನೆಯುತ್ತಾರೆ. ನಮ್ಮದೂ ಒಂದಿತ್ತು. ಗುಂಬಜ್ ಇಂದಿಗೂ ನಿಂತಿರುವುದು ಆ ತೋಟದ ನೆಲದಲ್ಲಿಯೇ. ಸೈಪ್ರೆಸ್ ಮರಗಳ ಸಾಲುಗಳು, ಹಣ್ಣಿನ ಮರಗಳು, ನಡುವೆ ಒಂದು ಅರಮನೆ. ಮೈಸೂರಿನ ದೊರೆಗಳಿಗೆ ಗಿಡಗಳ ಹುಚ್ಚು ಸಾಮಾನ್ಯವಾದುದಾಗಿರಲಿಲ್ಲ. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ಗಿಡಗಳನ್ನೂ ಬೀಜಗಳನ್ನೂ ಕೇಳಿದ್ದರು. ಯುದ್ಧದ ನೆರವನ್ನು ಬೇಡಲು ಹೋದವರು ಹೂವಿನ ಬೀಜವನ್ನೂ ಕೇಳುತ್ತಾರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳಲಿಲ್ಲ. ನಾನಾದರೂ ತರಗತಿಯಲ್ಲಿ ಹೇಳುತ್ತಿದ್ದೆ. ನಿಮಗೆ ನೆನಪಿರಬಹುದು.

ಆ ತೋಟಕ್ಕೆ ಬಂದ ಗತಿ ಮಾತ್ರ ಘೋರವಾದುದು. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ದ್ವೀಪದ ಪೂರ್ವಭಾಗವನ್ನು ಹಿಡಿದುಕೊಂಡಿತು. ಕೋಟೆಗೆ ಮುತ್ತಿಗೆ ಹಾಕಲು ಕೊಂಬೆಗಳ ಹೊರೆ, ಹೆಣೆದ ಬುಟ್ಟಿಗಳು ಬೇಕಾಗುತ್ತವೆ. ಲಾಲ್‌ಬಾಗಿನ ಮರಗಳನ್ನು ಅದಕ್ಕಾಗಿ ಕಡಿದರು. ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. 1799ರ ನಂತರ ಉಳಿದದ್ದೂ ಉಳಿಯಲಿಲ್ಲ. ಉದಕಮಂಡಲದಲ್ಲಿ 1829-30ರಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚನ್ನು ಕಟ್ಟಿದಾಗ ಅದರ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಹೋದವು. ಪ್ರವಾಸಕ್ಕೆ ಹೋದಾಗ ತಲೆಯೆತ್ತಿ ನೋಡಿ. ನಮ್ಮೂರಿನ ಮರ ಅಲ್ಲಿ ತಣ್ಣಗೆ ಕುಳಿತಿದೆ.

ಮರ ಕಡಿಸಿದ ಸೇನಾಪತಿಯ ಹೆಸರು ನಮಗೆ ಗೊತ್ತು. ಮರ ನೆಡಿಸಿದ ಸುಲ್ತಾನನ ಹೆಸರೂ ಗೊತ್ತು. ಕಾವೇರಿಯ ನೀರನ್ನು ಪಾತಿಗೆ ತಿರುಗಿಸಿ, ಸಸಿಗೆ ನೆರಳು ಕಟ್ಟಿ, ಬೇಸಗೆಯಲ್ಲಿ ಬದುಕಿಸಿದವನು ಯಾರು? 1800ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಬಂದನು. ದಿವಾನ್ ಪೂರ್ಣಯ್ಯನವರನ್ನು ಕಂಡನು. ಮುಂದೆ ಮೇಲುಕೋಟೆಯ ಕಡೆಗೂ ಸುತ್ತಿದನು. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಬೆಂಗಳೂರಿನ ತೋಟಗಳನ್ನು ಕಂಡು ಅವನು ಬರೆದ ಮಾತುಗಳು ಸ್ವಾರಸ್ಯವಾಗಿವೆ. ತೋಟವನ್ನು ಚೌಕ ಚೌಕವಾಗಿ ವಿಭಾಗಿಸಿ, ಒಂದು ಚೌಕದಲ್ಲಿ ಗುಲಾಬಿಯನ್ನು ಮಾತ್ರ, ಇನ್ನೊಂದರಲ್ಲಿ ದಾಳಿಂಬೆಯನ್ನು ಮಾತ್ರ ಬೆಳೆಸುವ ಕ್ರಮವನ್ನು ಅವನು ಗುರುತಿಸುತ್ತಾನೆ. ಕಾಡಿನ ಮರಗಳ ಪಟ್ಟಿಗಳನ್ನು ಕೊಡುವಾಗ ಕನ್ನಡದ ಹೆಸರುಗಳನ್ನೂ ಬರೆದುಕೊಳ್ಳುತ್ತಾನೆ. ಆ ಹೆಸರುಗಳನ್ನು ಅವನಿಗೆ ಯಾರೋ ನಮ್ಮವರೇ ಹೇಳಿರಬೇಕಲ್ಲವೆ? ಮರದ ಹೆಸರು ಪುಸ್ತಕಕ್ಕೆ ಹೋಯಿತು, ಹೇಳಿದವನ ಹೆಸರು ಹೋಗಲಿಲ್ಲ.

ಬೆಂಗಳೂರಿನ ಲಾಲ್‌ಬಾಗಿನ ಅದೃಷ್ಟ ಬೇರೆ. ಅದು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಕ್ಯೂ ಉದ್ಯಾನದಿಂದ 1858ರಲ್ಲಿ ವಿಲಿಯಂ ನ್ಯೂ ಬಂದನು, 1874ರಲ್ಲಿ ಜಾನ್ ಕ್ಯಾಮೆರಾನ್ ಬಂದನು, 1908ರಲ್ಲಿ ಕ್ರುಂಬಿಗೆಲ್ ಬಂದರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ರೂಪಿಸಿದವರಲ್ಲಿ ಕ್ರುಂಬಿಗೆಲ್ ಪ್ರಮುಖರು. ಅನಂತರ ಜವರಾಯರು, ಮರಿಗೌಡರು. ಇವರೆಲ್ಲರ ಹೆಸರು ಉಳಿದಿದೆ, ಉಳಿಯತಕ್ಕದ್ದೇ. ಗಂಜಾಮಿನ ತೋಟಗಾರರದು ಉಳಿಯಲಿಲ್ಲವೆಂಬುದು ನನ್ನ ಕೊರಗು, ಅಷ್ಟೆ.

ಇನ್ನು ಹೋಯದ ಬಂಧುಬಳಗ. ಇದೇನೋ ಚೀನಾದ ಶ್ರೀಮಂತ ಬಳ್ಳಿ, ನಮ್ಮ ಹೊಲದ ಬದುವಿಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಳ್ಳಬೇಡಿ. ನಾಗಮಂಗಲದ ಒಣನೆಲದಲ್ಲಿ ಯಾರೂ ನೀರೆರೆಯದೆ ನಿಂತಿರುವ ಎಕ್ಕ ಇದರ ಹತ್ತಿರದ ನೆಂಟ. ರಥಸಪ್ತಮಿಯ ದಿನ ತಲೆಯ ಮೇಲಿಟ್ಟುಕೊಂಡು ಸ್ನಾನ ಮಾಡುವ ಎಲೆಯ ಎಕ್ಕವೇ. ಶರಬತ್ತಿಗೆ ಬಳಸುವ ಸೊಗದೆ ಬೇರು, ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರು ಕೂಡ ಇದೇ ಬಳಗದವು. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಮರಗಳಿಗೆ ಹಬ್ಬುವ ಹೋಯಗಳೇ ಇವೆ. ಅವುಗಳಲ್ಲೊಂದಕ್ಕೆ ಜೋಸೆಫ್ ಹೂಕರನು 1883ರಲ್ಲಿ, ದಕ್ಷಿಣ ಭಾರತದ ಸಸ್ಯಗಳಿಗಾಗಿ ಬಾಳು ಸವೆಸಿದ ರಾಬರ್ಟ್ ವೈಟನ ನೆನಪಿಗೆ ಹೋಯ ವೈಟಿಯೈ ಎಂದು ಹೆಸರಿಟ್ಟನು. ಎಕ್ಕದ ಬಳಗವನ್ನು ಕಣಗಿಲೆಯ ಕುಟುಂಬದಿಂದ ಬೇರ್ಪಡಿಸಿದವನು ಅದೇ ಬ್ರೌನ್, ಅದೇ 1810ರಲ್ಲಿ. ಈಗಿನ ವಿಜ್ಞಾನಿಗಳು ಪುನಃ ಕಣಗಿಲೆಯ ಕುಟುಂಬಕ್ಕೇ ಸೇರಿಸಿದ್ದಾರೆ. ಪಾಲಾಗಿ ಹೋದ ಅಣ್ಣತಮ್ಮಂದಿರು ಇನ್ನೂರು ವರ್ಷದ ಮೇಲೆ ಒಂದಾದಂತೆ.

ಈ ಬಳಗದ ಹೂವಿನಲ್ಲಿ ಪರಾಗ ಹುಡಿಯಾಗಿ ಉದುರುವುದಿಲ್ಲ. ಜೋಡಿ ಗಂಟುಗಳಾಗಿ ಒಂದು ಸಣ್ಣ ಕೊಕ್ಕೆಗೆ ಕಟ್ಟಿಕೊಂಡಿರುತ್ತದೆ. ಹುಳುವಿನ ಕಾಲಿಗೆ ಆ ಕೊಕ್ಕೆ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಸಾಗುತ್ತದೆ. ಎಕ್ಕದ ಹೂವಿನ ಸಂದಿಯಲ್ಲಿ ಸೂಜಿಯ ಮೊನೆಯಾಡಿಸಿ ಈ ಜೋಡಿಯನ್ನು ಹೊರತೆಗೆದು ನಾಗಮಂಗಲದಲ್ಲಿ ಮಕ್ಕಳಿಗೆ ತೋರಿಸಿದ್ದುಂಟು. ಚರಿತ್ರೆಯ ಪೀರಿಯಡ್ಡಿನಲ್ಲಿ ಎಕ್ಕದ ಹೂವೇಕೆ ಎಂದು ವಿಜ್ಞಾನದ ಮೇಷ್ಟರು ನಕ್ಕರು. ನಗಲಿ. ಸೀತೆದಂಡೆಯ ಮತ್ತು ಎಕ್ಕದ ಬಳಗಗಳ ಪರಾಗಸ್ಪರ್ಶವನ್ನು ಕುರಿತು 1831ರಲ್ಲಿ ಬ್ರೌನ್ ಓದಿದ ಪ್ರಬಂಧದಲ್ಲಿಯೇ ಜೀವಕೋಶದ ಕೇಂದ್ರಕ್ಕೆ ನ್ಯೂಕ್ಲಿಯಸ್ ಎಂಬ ಹೆಸರು ಬಂದದ್ದು. ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ ಆ ಶಬ್ದ ಹುಟ್ಟಿದ್ದು ಇಂತಹ ಹೂವುಗಳ ಮುಂದೆ ಕುಳಿತಾಗ.

ನಮ್ಮ ಮನೆಗೆ ಈ ಬಳ್ಳಿ ಬಂದದ್ದು ಗಂಜಾಮಿನ ನೆರೆಮನೆಯೊಂದರಿಂದ, 1973ರಲ್ಲಿ. ತಂದವಳು ನನ್ನ ಹೆಂಡತಿ. ಮುಂದೆ ವರ್ಗಾವಣೆಯಾದಲ್ಲೆಲ್ಲ ಅದು ನಮ್ಮೊಡನೆ ಬಂದಿತು. ಕೃಷ್ಣರಾಜಪೇಟೆಗೆ ಹೋದಾಗ ಲಾರಿಯಲ್ಲಿ ಪಾತ್ರೆಗಳ ನಡುವೆ, ನಾಗಮಂಗಲಕ್ಕೆ ಹೋದಾಗ ಬಸ್ಸಿನಲ್ಲಿ ಆಕೆಯ ಮಡಿಲಲ್ಲಿ. ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯವಾದರೂ ಗಿಡಕ್ಕೆ ನಾಲ್ಕು ದೇಶಗಳಿದ್ದಂತೆ. ಶ್ರೀರಂಗಪಟ್ಟಣದಲ್ಲಿ ನಾಲೆಯ ತೇವ, ಬತ್ತದ ಗದ್ದೆಯ ತಂಪು. ಅಲ್ಲಿ ವರ್ಷಕ್ಕೆರಡು ಬಾರಿ ಹೂಬಿಟ್ಟಿತು. ಕೃಷ್ಣರಾಜಪೇಟೆಯಲ್ಲಿ ಮೊದಲೆರಡು ವರ್ಷ ಮುನಿಸಿಕೊಂಡು ಆಮೇಲೆ ಒಲಿಯಿತು. (ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರ ತಾಲ್ಲೂಕು. ಅಲ್ಲಿ ಮಲ್ಲಿಗೆಯ ಮುಂದೆ ಮಿಕ್ಕ ಹೂವಿಗೆ ಮರ್ಯಾದೆ ಕಡಿಮೆ ಎಂದು ತಮಾಷೆ ಮಾಡುತ್ತಿದ್ದೆವು.) ನಾಗಮಂಗಲದಲ್ಲಿ ಒಣಗಾಳಿ, ಕೊಳವೆಬಾವಿಯ ಗಡಸುನೀರು. ಎಲೆಯ ಮೇಲೆ ಬಿಳಿಯ ಕಲೆ ಕಟ್ಟುತ್ತಿತ್ತು. ಆಕೆ ಮಾಡಿನ ಮಳೆನೀರನ್ನು ಹಂಡೆಯಲ್ಲಿ ಹಿಡಿದಿಟ್ಟು ಬಳ್ಳಿಗೆಂದೇ ಮೀಸಲಿಡುತ್ತಿದ್ದಳು. ನಮಗೆ ಕುಡಿಯಲು ಅದೇ ಗಡಸುನೀರು.

1987ರಲ್ಲಿ ಮಗಳ ಬಾಣಂತನಕ್ಕೆಂದು ಆಕೆ ಮೂರು ತಿಂಗಳು ಹೋಗಿದ್ದಳು. ಗಿಡದ ಜವಾಬ್ದಾರಿ ನನ್ನದು. ಶಿಸ್ತಿನ ಮೇಷ್ಟರಲ್ಲವೆ, ಒಂದು ಭಾನುವಾರ ಕತ್ತರಿ ಹಿಡಿದು ನಿಂತೆ. ಹೂವುದುರಿದ ಮೇಲೆ ಉಳಿದಿದ್ದ ಮೋಟು ತೊಟ್ಟುಗಳು ಒಣಕಲು ಕಡ್ಡಿಗಳಂತೆ ಕಂಡವು. ಎಲೆಯಿಲ್ಲದೆ ಬೋಳಾಗಿ ಚಾಚಿಕೊಂಡ ಉದ್ದನೆಯ ಕುಡಿಗಳೂ ಅಶಿಸ್ತಿನಂತೆ ತೋರಿದವು. ಎಲ್ಲವನ್ನೂ ಕತ್ತರಿಸಿ ಬಳ್ಳಿಯನ್ನು ಅಚ್ಚುಕಟ್ಟು ಮಾಡಿದೆ. ಆಕೆ ಮರಳಿ ಬಂದು ನೋಡಿದವಳು ಏನೂ ಹೇಳಲಿಲ್ಲ. ಸಂಜೆ ಮಾತ್ರ, "ಅವೇ ಅದರ ಹೂವಿನ ಮನೆ ಕಣ್ರೀ" ಎಂದಳು.

ಆಮೇಲೆ ತಿಳಿದುಕೊಂಡೆ. ಹೋಯದ ಹೂಗೊಂಚಲು ಉದುರಿದರೂ ತೊಟ್ಟು ಸಾಯುವುದಿಲ್ಲ. ಮುಂದಿನ ಹಂಗಾಮಿನಲ್ಲಿ ಅದೇ ತೊಟ್ಟಿನ ತುದಿಯಲ್ಲಿ ಹೊಸ ಮೊಗ್ಗುಗಳು ಮೂಡುತ್ತವೆ. ಪ್ರತಿ ಬಾರಿಯೂ ಅದು ಕೊಂಚ ಕೊಂಚ ಉದ್ದವಾಗಿ, ಹಿಂದಿನ ಹೂಗಳ ಗುರುತುಗಳನ್ನು ಹೊತ್ತುಕೊಂಡಿರುತ್ತದೆ. ನಾನು ಕತ್ತರಿಸಿದ್ದು ಗಂಜಾಮಿನಿಂದ ಹಿಡಿದು ಹದಿನಾಲ್ಕು ವರ್ಷಗಳ ದಾಖಲೆಯನ್ನು. 1792ರ ಲಾಲ್‌ಬಾಗಿನ ಪಾಠ ಮಾಡುವಾಗ ಕಾರ್ನ್‌ವಾಲಿಸನನ್ನು ಬಿರುಸಾಗಿ ಟೀಕಿಸುತ್ತಿದ್ದವನು, ಆ ವರ್ಷದಿಂದ ಸ್ವಲ್ಪ ದನಿ ತಗ್ಗಿಸಿದೆ. ಮತ್ತೆ ಹೂವು ಕಂಡದ್ದು 1993ರಲ್ಲಿ, ಪಾಂಡವಪುರಕ್ಕೆ ಹೋದ ಮೇಲೆ.

ಈಗ ಪತ್ರ ಬರೆದವಳಿಗೆ ಉತ್ತರ. ಮಗೂ, ಮೊದಲು ಕತ್ತರಿಯನ್ನು ಎತ್ತಿಡು. ತುಂಡಿನಿಂದ ಬೆಳೆದ ಬಳ್ಳಿ ಪ್ರಾಯಕ್ಕೆ ಬರಲು ಎರಡು ಮೂರು ವರ್ಷವಾದರೂ ಬೇಕು. ನಿನ್ನದಕ್ಕೆ ವಯಸ್ಸಾಗಿರುವುದರಿಂದ ಕೊರತೆ ಬಹುಶಃ ಬೆಳಕಿನದು. ಎಲೆ ಕಡುಹಸಿರಾಗಿ ಸೊಂಪಾಗಿದ್ದೂ ಹೂವಿಲ್ಲವೆಂದರೆ ಅದು ಕತ್ತಲೆಯ ಲಕ್ಷಣ. ಬೆಳಗಿನ ಎಳೆಬಿಸಿಲು ಎರಡು ಗಂಟೆ ಬೀಳುವ ಪೂರ್ವದ ಕಿಟಕಿಗೆ ತಂದಿಡು. ಮಧ್ಯಾಹ್ನದ ಉರಿಬಿಸಿಲು ಬೇಡ, ಎಲೆ ಸುಡುತ್ತದೆ. ಪ್ರೀತಿಯಿಂದ ದೊಡ್ಡ ಕುಂಡಕ್ಕೆ ಬದಲಾಯಿಸಬೇಡ. ಬೇರು ಇಕ್ಕಟ್ಟಾಗಿರುವುದೇ ಅದಕ್ಕೆ ಹಿತ. ಬರಿಯ ಮಣ್ಣು ಕೂಡದು. ತೆಂಗಿನ ನಾರು, ಇಟ್ಟಿಗೆಚೂರು, ಇದ್ದಿಲು, ಎಲೆಗೊಬ್ಬರ ಬೆರೆಸಿದರೆ ನೀರು ನಿಲ್ಲದು. ಅದರ ಎಲೆ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ನಮ್ಮಂತೆ ಹಗಲು ಉಸಿರಾಡುವ ಗಿಡವಲ್ಲ ಅದು. ಎಲೆಯ ರಂಧ್ರಗಳನ್ನು ರಾತ್ರಿಯಲ್ಲಿ ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಕಾರ್ತಿಕದಿಂದ ಶಿವರಾತ್ರಿಯವರೆಗೆ ಇನ್ನೂ ಕಡಿಮೆ. ಆ ಚಳಿಯ ಬಿಡುವು ಸಿಕ್ಕಿದರೆ ಬೇಸಗೆಯ ಹೊತ್ತಿಗೆ ಮೊಗ್ಗು ನಿರೀಕ್ಷಿಸಬಹುದು. ಬೋಳು ಕುಡಿಗಳನ್ನು ಕತ್ತರಿಸದೆ ಬಳೆಯಾಕಾರದ ತಂತಿಗೆ ಸುತ್ತು. ಮೊಗ್ಗು ಕಂಡ ಮೇಲೆ ಕುಂಡವನ್ನು ಕದಲಿಸಬೇಡ, ಬಂಧುಗಳಿಗೆ ತೋರಿಸಲೆಂದು ತಿರುಗಿಸಲೂ ಬೇಡ. ಮೊಗ್ಗು ಉದುರುತ್ತದೆ. ಎಕ್ಕದ ಮೇಲೆ ಮುತ್ತುವ ಹಳದಿ ಹೇನುಗಳು ನೆಂಟಸ್ತಿಕೆ ಹುಡುಕಿಕೊಂಡು ಇದಕ್ಕೂ ಬರುವುದುಂಟು. ಬೇವಿನೆಣ್ಣೆಗೆ ತುಸು ಸೋಪಿನ ನೀರು ಬೆರೆಸಿ ಒರೆಸಿದರೆ ಹೋಗುತ್ತವೆ.

ಇನ್ನೊಂದು ಮಾತು. ಹೃದಯದಾಕಾರದ ಒಂದೇ ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಮಾರುತ್ತಾರೆ. ನನ್ನ ಮೊಮ್ಮಗನೂ ಒಂದನ್ನು ತಂದುಕೊಟ್ಟ. ಅದು ಹೋಯ ಕೆರಿಯೈ ಎಂಬ ಜಾತಿ. ಕಾಂಡದ ಗಿಣ್ಣಿಲ್ಲದ ಬರಿಯ ಎಲೆಯಾದರೆ ವರ್ಷಗಟ್ಟಲೆ ಹಾಗೆಯೇ ಹಸಿರಾಗಿ ಕುಳಿತಿರುತ್ತದೆಯೇ ಹೊರತು ಬಳ್ಳಿಯಾಗುವುದಿಲ್ಲ. ಕೊಳ್ಳುವ ಮುನ್ನ ಗಿಣ್ಣನ್ನು ನೋಡಿ ಕೊಳ್ಳಿ.

ನನ್ನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷಗಳಾದವು. ಬಳ್ಳಿ ಪಾಂಡವಪುರದ ಮನೆಯ ಜಗುಲಿಯ ಪೂರ್ವದ ಕಂಬದಲ್ಲಿದೆ. ಈ ವರ್ಷ ಏಳು ಗೊಂಚಲು ಬಿಟ್ಟಿತ್ತು. ಅದರ ತುಂಡುಗಳು ಎಷ್ಟು ಮನೆಗಳಿಗೆ ಹೋಗಿವೆಯೆಂದು ಆಕೆಗೆ ಮಾತ್ರ ಗೊತ್ತಿತ್ತು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಬರೆದು ತಿಳಿಸಿ, ಒಂದು ನೋಟುಪುಸ್ತಕದಲ್ಲಿ ಊರು ಮತ್ತು ವರ್ಷ ಗುರುತು ಹಾಕಿಕೊಳ್ಳುತ್ತಿದ್ದೇನೆ. ಇಲ್ಲದವರು ಈ ಕಡೆ ಬಂದಾಗ ಒದ್ದೆ ಕಾಗದವೊಂದನ್ನು ತನ್ನಿ, ಎರಡು ಗಿಣ್ಣಿನ ತುಂಡು ಕೊಡುತ್ತೇನೆ. ಮಳೆಗಾಲದ ಮೊದಲಲ್ಲಿ ಬಂದರೆ ಬೇರು ಬೇಗ ಹಿಡಿಯುತ್ತದೆ. ಕತ್ತರಿಸುವಾಗ ಒಸರುವ ಹಾಲು ಬಟ್ಟೆಗೆ ತಾಗಿದರೆ ಕಲೆಯಾಗುತ್ತದೆ, ಹಳೆಯ ಅಂಗಿ ತೊಟ್ಟು ಬನ್ನಿ.