ಹತ್ತಿ ಮಿಲ್ಲಿನ ಗೇಟಿನ ಒಳಗೆ ಮಾತ್ರ ‘ಲೀನ್’ ಯಾಕೆ?

ನಮ್ಮ ಚಂದ್ರಬಂಡ ಹೋಬಳಿಯಲ್ಲಿ ನವೆಂಬರ್ ಬಂತೆಂದರೆ ಬೆಳಗಿನ ರಸ್ತೆ ತುಂಬ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳ ಟಂಟಂ ಗಾಡಿಗಳೇ. ಕೂಲಿ ಕಿಲೋ ಲೆಕ್ಕ. ಅಂಥದೊಂದು ಸೀಸನ್‌ನಲ್ಲಿ ನಮ್ಮ ಹೊಲದ ಹತ್ತಿ ಹೇರಿಕೊಂಡು ರಾಯಚೂರು ಹತ್ತಿರದ ಒಂದು ಜಿನ್ನಿಂಗ್ ಮಿಲ್ಲಿಗೆ ಹೋಗಿದ್ದೆ. ರಾತ್ರಿಯಿಡೀ ಸಾಲಿನಲ್ಲಿ ನಿಂತು, ಬೆಳಗ್ಗೆ ನಮ್ಮ ಪಾಳಿ ಬಂದಾಗ ತೇವಾಂಶದ ಮೀಟರ್ ಚುಚ್ಚಿದ ಹುಡುಗ ‘12’ ಅಂದ. ಅಷ್ಟೇ ಮಾತು. ಅವನ ಹಿಂದಿನ ಗೋಡೆ ಮೇಲೆ ಹೊಸ ಬೋರ್ಡ್ ಇತ್ತು: ಲೀನ್, 5ಎಸ್, ಶೂನ್ಯ ವೇಸ್ಟ್.

ಏನಿದು ಲೀನ್ ಅಂತ ಓದತೊಡಗಿದ್ದು ಆ ಬೋರ್ಡ್‌ನಿಂದಲೇ. ಓದಿದ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಯಿತು. ಯಾಕೆಂದರೆ ಈ ವಿದ್ಯೆ ಹುಟ್ಟಿದ್ದೇ ಹತ್ತಿಯ ನೂಲಿನಲ್ಲಿ.

ಟೊಯೊಟಾ ಅಂದರೆ ನಮಗೆ ಕಾರು, ಬಿಡದಿಯ ಕಾರ್ಖಾನೆ. ಆದರೆ ಆ ಮನೆತನದ ಮೂಲ ಕಸುಬು ಮಗ್ಗ. ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗದ ವಿಶೇಷ ಏನೆಂದರೆ, ಎಳೆ ಹರಿದ ಕೂಡಲೇ ಮಗ್ಗ ತಾನೇ ನಿಲ್ಲುತ್ತಿತ್ತು. ಮೀಟರ್‌ಗಟ್ಟಲೆ ಕೆಟ್ಟ ಬಟ್ಟೆ ನೇಯ್ದು, ಕೊನೆಯಲ್ಲಿ ತಪಾಸಣೆ ಮಾಡಿ, ನೇಕಾರನ ಕೂಲಿ ಕಡಿಯುವ ಪ್ರಶ್ನೆಯೇ ಬರುತ್ತಿರಲಿಲ್ಲ. ತಪ್ಪು ಹುಟ್ಟಿದ ಜಾಗದಲ್ಲೇ ಕೆಲಸ ನಿಲ್ಲಬೇಕು ಎಂಬ ಈ ತತ್ವಕ್ಕೆ ಜಪಾನಿನಲ್ಲಿ ‘ಜಿಡೋಕಾ’ ಎನ್ನುತ್ತಾರೆ. 1929ರಲ್ಲಿ ಆ ಮಗ್ಗದ ಪೇಟೆಂಟ್ ಹಕ್ಕು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಮಾರಾಟವಾಯಿತು. ಟೊಯೊಟಾ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಚಿ ಓನೊ ಕೂಡ 1932ರಲ್ಲಿ ಮೊದಲು ಸೇರಿದ್ದು ಟೊಯೊಡಾದ ನೂಲು-ನೇಯ್ಗೆ ಕಂಪನಿಗೆ. ಕಾರಿನ ಕಡೆ ಬಂದದ್ದು 1943ರಲ್ಲಿ.

ಓನೊ ಕಾರ್ಖಾನೆಯ ವೇಸ್ಟ್ ಅನ್ನು ಏಳು ಬಗೆಯಾಗಿ ವಿಂಗಡಿಸಿದರು: ಬೇಡಿಕೆಗಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸುಮ್ಮನೆ ಸಾಗಿಸುವುದು, ಅಗತ್ಯಕ್ಕಿಂತ ಹೆಚ್ಚು ಸಂಸ್ಕರಿಸುವುದು, ದಾಸ್ತಾನು, ಅನಗತ್ಯ ಓಡಾಟ, ದೋಷ. ಇದಕ್ಕೆ ‘ಮುಡಾ’ ಎಂದು ಹೆಸರು. (ಮೈಸೂರಿನ ಮುಡಾ ಅಲ್ಲ!) ಇದರ ಜೊತೆಗೇ ಇನ್ನೊಂದು ಪದ ಇದೆ, ‘ಮುರಿ’. ಮನುಷ್ಯನ ಮೇಲೋ ಯಂತ್ರದ ಮೇಲೋ ತಾಳಲಾರದಷ್ಟು ಭಾರ ಹೇರುವುದು ಎಂದರ್ಥ. ನಮ್ಮ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಮುಡಾ ಬಗ್ಗೆ ದಿನಗಟ್ಟಲೆ ಪಾಠ ನಡೆಯುತ್ತದೆ, ಮುರಿ ಬಂದಾಗ ಊಟದ ಬಿಡುವು ಕೊಡುತ್ತಾರೆ. ‘ಲೀನ್’ ಎಂಬ ಇಂಗ್ಲಿಷ್ ಹೆಸರನ್ನು ಇದಕ್ಕೆ 1988ರಲ್ಲಿ ಇಟ್ಟವರು ಜಾನ್ ಕ್ರಾಫ್ಸಿಕ್. ತೆಳ್ಳಗೆ ಎಂಬ ಆ ಪದವೇ ಎಡವಟ್ಟು ಮಾಡಿತು ಎನಿಸುತ್ತದೆ. ತೆಳ್ಳಗೆ ಮಾಡುವುದು ಅಂದರೆ ಆಳು ಕಡಿಮೆ ಮಾಡುವುದು ಎಂದು ಮಾಲೀಕರು ಓದಿಕೊಂಡರು.

ಟೊಯೊಟಾ ಸ್ವರ್ಗ ಅಂತ ನಾನೇನು ಹೇಳುತ್ತಿಲ್ಲ. ಸತೋಶಿ ಕಮಾತ ಎಂಬ ಪತ್ರಕರ್ತ ಅಲ್ಲಿ ತಾತ್ಕಾಲಿಕ ಕೆಲಸಗಾರನಾಗಿ ದುಡಿದು, 1973ರಲ್ಲಿ ಪುಸ್ತಕ ಬರೆದು ಅದನ್ನು ಹತಾಶೆಯ ಕಾರ್ಖಾನೆ ಎಂದು ಕರೆದರು. ಆದರೂ ಆ ಪದ್ಧತಿಯ ಒಂದು ಅಂಶವನ್ನು ನಾವು ಮರೆಯಬಾರದು. ಅಲ್ಲಿ ಲೈನಿನಲ್ಲಿ ನಿಂತ ಕೆಲಸಗಾರ ತಪ್ಪು ಕಂಡರೆ ಹಗ್ಗ ಎಳೆಯಬಹುದು. ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಸಮಸ್ಯೆ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ಅಂದರೆ ಗುಣಮಟ್ಟದ ಹೊಣೆಯ ಜೊತೆ ಅಧಿಕಾರವೂ ಕೆಲಸಗಾರನ ಕೈಯಲ್ಲಿರುತ್ತದೆ.

ಈಗ ನಮ್ಮ ಹತ್ತಿಗೆ ಬರೋಣ.

ಹೊಲದಿಂದ ಬಂದ ಒಂದು ಕ್ವಿಂಟಲ್ ಹತ್ತಿಯಲ್ಲಿ ಅರಳೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದರಲ್ಲಿ ಬಹುಪಾಲು ಕಾಳು, ಸ್ವಲ್ಪ ಕಸ. 170 ಕಿಲೋದ ಒಂದು ಬೇಲ್ ಕಟ್ಟಲು ಹತ್ತಿರ ಹತ್ತಿರ 5 ಕ್ವಿಂಟಲ್ ಬೇಕು. ಇದರಲ್ಲಿ ದೋಷ ಮೂರು ಕಡೆ ಹುಟ್ಟುತ್ತದೆ. ಒಂದು ತೇವ. ಎರಡು, ಎಲೆ-ಸಿಪ್ಪೆಯ ಕಸ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಪ್ಲಾಸ್ಟಿಕ್ ಚೀಲದ ಎಳೆ, ಸುತಳಿ, ಕೂದಲು, ಗುಟ್ಕಾ ಚೀಟಿ. ಎಲೆಯನ್ನು ಯಂತ್ರ ಒದರಿ ತೆಗೆಯುತ್ತದೆ. ಗೊಬ್ಬರದ ಚೀಲದ ಒಂದು ಎಳೆ ಯಂತ್ರದೊಳಗೆ ಹೋಯಿತೆಂದರೆ ಚೂರುಚೂರಾಗಿ ಅರಳೆಯಲ್ಲೆಲ್ಲ ಹರಡುತ್ತದೆ. ನೂಲು ತೆಗೆದಾಗಲೂ ಕಾಣದೇ ಹೋಗಬಹುದು. ಬಟ್ಟೆಗೆ ಬಣ್ಣ ಹಾಕಿದಾಗ ಆ ಎಳೆ ಮಾತ್ರ ಬಣ್ಣ ಹಿಡಿಯುವುದಿಲ್ಲ, ಚುಕ್ಕೆಯಾಗಿ ಉಳಿಯುತ್ತದೆ. ಹೊಲದಲ್ಲಿ ಎರಡು ಬೆರಳಿನಿಂದ ತೆಗೆದು ಬಿಸಾಡಬಹುದಾಗಿದ್ದ ದೋಷ, ಗಾರ್ಮೆಂಟ್ಸ್‌ಗೆ ಹೋಗುವ ಹೊತ್ತಿಗೆ ಇಡೀ ಥಾನ್ ಕೆಡಿಸಿರುತ್ತದೆ.

ಅಮೆರಿಕ, ಆಸ್ಟ್ರೇಲಿಯಾದಲ್ಲಿ ಹತ್ತಿ ಬಿಡಿಸುವುದು ಮೆಷೀನು. ನಮ್ಮಲ್ಲಿ ಕೈ. ಕಣ್ಣಿಟ್ಟು ಕೈಯಿಂದ ಬಿಡಿಸಿದ ಹತ್ತಿಯೇ ಹೆಚ್ಚು ಸ್ವಚ್ಛ ಇರಬೇಕಿತ್ತಲ್ಲವೇ? ಆದರೆ ಕಲಬೆರಕೆ ವಸ್ತುಗಳ ಜಾಗತಿಕ ಸಮೀಕ್ಷೆಗಳಲ್ಲಿ ಭಾರತದ ಹತ್ತಿ ಬಹುಕಾಲ ಕೆಟ್ಟ ಸಾಲಿನಲ್ಲೇ ನಿಂತಿತ್ತು. 2000ರಲ್ಲಿ ಕೇಂದ್ರ ಸರ್ಕಾರ ಹತ್ತಿ ತಂತ್ರಜ್ಞಾನ ಮಿಷನ್ ಶುರು ಮಾಡಿ, ಜಿನ್ನಿಂಗ್ ಮಿಲ್ಲುಗಳ ಆಧುನೀಕರಣಕ್ಕೆ ನೆರವು ಕೊಟ್ಟಿತು. ಸಿಮೆಂಟ್ ಕಟ್ಟೆ, ಕನ್ವೇಯರ್, ಹೊಸ ಪ್ರೆಸ್ ಬಂದವು. ಅದರಿಂದ ಉಪಯೋಗ ಆಗಿದೆ, ಇಲ್ಲ ಅನ್ನುವುದಿಲ್ಲ. 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಬಂದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ ಸಲಹೆಗಾರರ ಖರ್ಚಿನ ಶೇ. 90ರಷ್ಟನ್ನು ಕೇಂದ್ರವೇ ಭರಿಸುತ್ತದೆ. ಬೇಲ್‌ಗಳಿಗೆ ಗುಣಮಟ್ಟ ನಿಯಂತ್ರಣ ಆದೇಶವೂ 2023ರಲ್ಲೇ ಹೊರಬಿತ್ತು, ಜಾರಿಯ ದಿನಾಂಕ ಮಾತ್ರ ಮುಂದಕ್ಕೆ ಹೋಯಿತು.

ಇವೆಲ್ಲವೂ ಮಿಲ್ಲಿನ ಗೇಟಿನ ಒಳಗಿನ ಮಾತು. ದೋಷ ಹುಟ್ಟುವುದು ಗೇಟಿನ ಹೊರಗೆ.

ಬೇರೆಯವರ ಹೊಲಕ್ಕೆ ಬಿಡಿಸಲು ಹೋಗುವ ನಮ್ಮ ಚಿಗವ್ವನನ್ನು ಕೇಳಿದೆ. “ನೋಡಪಾ, ಇಬ್ಬನಿ ಇರೋತ್ನ್ಯಾಗ ಬಿಡಿಸಿದ್ರ ತೂಕ ಬರ್ತದ. ಬಿಸಲೇರಿದ ಮ್ಯಾಲ ಅದಾ ಹತ್ತಿ ಹಗುರ ಆಗ್ತದ. ಕಿಲೋಕ್ಕ ರೊಕ್ಕ ಕೊಡ್ತಾರ ಅಂದ್ರ ನಾ ಏನ್ ಮಾಡ್ಲಿ? ಎಲಿ ಆರಿಸ್ಕೋತ ಕುಂತ್ರ ಸಂಜೀಕ ಕೈಯಾಗ ಏನ್ ಉಳೀತದ?” ಅಂದಳು.

ಇದಕ್ಕಿಂತ ಚೆನ್ನಾಗಿ ಯಾವ ಸಲಹೆಗಾರನೂ ಹೇಳಲಾರ. ಕಿಲೋ ಲೆಕ್ಕದ ಕೂಲಿ ತೇವಕ್ಕೂ ಕಸಕ್ಕೂ ದುಡ್ಡು ಕೊಡುತ್ತದೆ, ಸ್ವಚ್ಛತೆಗೆ ದಂಡ ಹಾಕುತ್ತದೆ. 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಗುಣಮಟ್ಟದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್ ತಮ್ಮ 14 ಸೂತ್ರಗಳಲ್ಲಿ ಇದನ್ನೇ ಎಚ್ಚರಿಸಿದ್ದರು. ಕೊನೆಯ ತಪಾಸಣೆಯನ್ನು ನಂಬಿ ಕೂರಬೇಡಿ, ಸಂಖ್ಯೆಯ ಗುರಿ ಹೇರಬೇಡಿ, ಕೆಲಸಗಾರರ ಭಯ ತೆಗೆಯಿರಿ ಎಂದು. ನಾವು ಮೂರನ್ನೂ ತಿರುಗಿಸಿ ಮಾಡುತ್ತಿದ್ದೇವೆ.

ಕೊನೆಯ ತಪಾಸಣೆಯ ಬೆಲೆ ಎಷ್ಟು? 2025-26ರಲ್ಲಿ ಉದ್ದ ಎಳೆಯ ಹತ್ತಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂ. ಇದು ತೇವಾಂಶ ಶೇ. 8ರವರೆಗೆ ಮಾತ್ರ. ಅಲ್ಲಿಂದ ಮೇಲೆ ಪ್ರತಿ ಒಂದಕ್ಕೆ ದರದಲ್ಲೂ ಶೇ. 1 ಕಡಿತ, 12 ದಾಟಿದರೆ ಭಾರತೀಯ ಹತ್ತಿ ನಿಗಮ ಕೊಳ್ಳುವುದೇ ಇಲ್ಲ. 12ಕ್ಕೆ ಸಿಗುವುದು 7,785 ರೂ. 60 ಪೈಸೆ. 20 ಕ್ವಿಂಟಲ್ ತಂದವನಿಗೆ 6,488 ರೂ. ಖೋತಾ. ದೋಷ ಹೇಗೆ ಹುಟ್ಟಿತು ಅಂತ ಯಾರೂ ಕೇಳುವುದಿಲ್ಲ. ಇನ್ನು ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುವುದು ಓನೊ ಹೇಳಿದ ‘ಕಾಯುವ ವೇಸ್ಟ್’. ಟ್ರ್ಯಾಕ್ಟರ್ ಬಾಡಿಗೆ ನಮ್ಮದಾದ್ದರಿಂದ ಮಿಲ್ಲಿನ ಲೆಕ್ಕಪುಸ್ತಕದಲ್ಲಿ ಅದು ಎಲ್ಲೂ ಕಾಣುವುದಿಲ್ಲ.

ಇದರ ಮೇಲೆ 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಹತ್ತಿಯ ಶೇ. 11ರ ಆಮದು ಸುಂಕ ಮನ್ನಾ ಆಯಿತು, ಸರಿಯಾಗಿ ನಮ್ಮ ಹತ್ತಿ ಮಾರುಕಟ್ಟೆಗೆ ಬರುವ ಹೊತ್ತಿಗೆ. ಸ್ವಚ್ಛ ಹತ್ತಿ ಬೇಕೆಂದು ಹೊರಗಿನಿಂದ ತರಿಸುವ ಉದ್ಯಮ, ಅದೇ ಸ್ವಚ್ಛತೆಗೆ ದೇವದುರ್ಗ, ಮಾನ್ವಿಯ ಹೊಲದಲ್ಲಿ ನಾಲ್ಕು ಕಾಸು ಹೆಚ್ಚು ಕೊಡಲು ಯಾಕೆ ತಯಾರಿಲ್ಲ?

ಮಾತಾಡಿದ್ದು ಸಾಕು ಅಂತ ಕಳೆದ ಸೀಸನ್‌ನಲ್ಲಿ ನಮ್ಮ ಎರಡು ಎಕರೆಯಲ್ಲಿ ಮಾಡಿ ನೋಡಿದೆ. ಕೂಲಿ ದಿನದ ಲೆಕ್ಕಕ್ಕೆ ಬದಲಾಯಿಸಿದೆವು. ಇಬ್ಬನಿ ಆರಿದ ಮೇಲೆ ಕೆಲಸ ಶುರು. ಗೊಬ್ಬರದ ಚೀಲ ಬಿಟ್ಟು, ಅಜ್ಜನ ಹಳೇ ಧೋತರ ಹರಿದು ಚೀಲ ಹೊಲಿಸಿದೆವು. (“ಸೀರಿ ಬ್ಯಾಡಪಾ, ಅವೆಲ್ಲ ಪಾಲಿಸ್ಟರ್” ಅಂದವಳೂ ಚಿಗವ್ವನೇ.) ಹಳದಿ ತಿರುಗಿದ್ದನ್ನು ಬೇರೆ ಇಟ್ಟೆವು. ದಿನಕ್ಕೆ ಬಿಡಿಸುವ ಕಿಲೋ ಕಡಿಮೆಯಾಯಿತು, ಕೂಲಿ ಖರ್ಚು ಏರಿತು. ಮೀಟರ್ 9 ತೋರಿಸಿತು, ಅಂದರೆ 12ಕ್ಕೆ ಹೋಲಿಸಿದರೆ ಕ್ವಿಂಟಲ್‌ಗೆ 243 ರೂಪಾಯಿ ಉಳಿಯಿತು. ಅದರಲ್ಲಿ ಹೆಚ್ಚಿನ ಪಾಲು ಕೂಲಿಗೇ ಹೋಯಿತು. ಹೋಗಲಿ, ಬಿಡಿಸಿದವರ ಕೈಗೇ ಸೇರಿತಲ್ಲ.

ಸ್ವಚ್ಛತೆಗೆ ಏನು ಕೊಡ್ತೀರಿ ಅಂತ ಮಿಲ್ಲಿನಲ್ಲಿ ಕೇಳಿದೆ. “ಅದಕ್ಕ ಕಾಲಮ್ಮೇ ಇಲ್ಲಲ್ರೀ” ಅಂದರು. ಆಮೇಲೆ ನಮ್ಮ ಧೋತರದ ಚೀಲಗಳನ್ನು ಒಂದೊಂದಾಗಿ ಬಿಚ್ಚಿ, ಗೊಬ್ಬರದ ಚೀಲದಲ್ಲಿ ಬಂದ ಹತ್ತಿಯ ರಾಶಿ ಮೇಲೆಯೇ ಸುರಿದರು.