ಬ್ಯಾಡ್ಜ್ ಮೇಲಿನ ಹುಲಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಂದಲೇ ಕೇಳ್ತಿರಿ, ಇವತ್ತು ಒಂದು ಬ್ಯಾಡ್ಜ್ ಕಥೆ ಹೇಳ್ತೀನಿ.

2025ರಲ್ಲಿ ಬಂದ 'ಸ್ಕೈ ಫೋರ್ಸ್' ಸಿನಿಮಾದ ಪೈಲಟ್ ವಿಜಯ ನೆನಪಿದ್ದಾನಾ? ಆ ಪಾತ್ರಕ್ಕೆ ಮೂಲ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. 1965ರ ಯುದ್ಧದಲ್ಲಿ ಅವರಿದ್ದದ್ದು ವಾಯುಪಡೆಯ ನಂ. 1 ಸ್ಕ್ವಾಡ್ರನ್‌ನಲ್ಲಿ. ಅದಕ್ಕೆ 'ಟೈಗರ್ಸ್' ಅಂತಲೇ ಹೆಸರು. ಲಾಂಛನದ ನಡುವೆ ಹುಲಿ, ಕೆಳಗೆ 'ಏಕತಾ ಮೇ ಶಕ್ತಿ' ಅನ್ನೋ ಘೋಷವಾಕ್ಯ. ಅಂದ್ರೆ ನಾವು ಶಾಲೆ ಗೋಡೆ ಮೇಲೆ ಓದ್ತಿದ್ದ 'ಒಗ್ಗಟ್ಟಿನಲ್ಲಿ ಬಲವಿದೆ'.

ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಇದೇ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ, 4 ವಾಪಿಟಿ ವಿಮಾನಗಳೊಂದಿಗೆ ಶುರುವಾಯ್ತು. 1944ರಲ್ಲಿ ಇಂಫಾಲದಲ್ಲಿ ಜಪಾನೀಯರ ವಿರುದ್ಧ ಹೋರಾಡಿದಾಗ ಇದರ ನಾಯಕ ಅರ್ಜನ್ ಸಿಂಗ್. ಬ್ರಿಟಿಷರ ಕಾಲದಲ್ಲಿ ವಾಯುಪಡೆಯ ಲಾಂಛನಗಳ ಮೇಲೆ ಕಿರೀಟ ಇರ್ತಿತ್ತು. ಗಣರಾಜ್ಯ ಆದ ಮೇಲೆ ಆ ಜಾಗಕ್ಕೆ ಅಶೋಕನ ಸಿಂಹಗಳು ಬಂದವು.

ಕೊಡವ ಭಾಷೆಯಲ್ಲಿ ಹುಲಿಗೆ 'ನರಿ' ಅಂತಾರೆ. ನಗಬೇಡಿ! ಹುಲಿ ಕೊಂದವನಿಗೆ ಹಿಂದೆ ಅಲ್ಲಿ ಮದುವೆ ಥರಾನೇ 'ನರಿ ಮಂಗಲ' ಮಾಡಿ ಗೌರವಿಸ್ತಿದ್ರು. ಅಂಥ ನಾಡಿನವರು ಹುಲಿ ಬ್ಯಾಡ್ಜ್ ಹಾಕ್ಕೊಂಡಿದ್ದು ಕಾಕತಾಳೀಯವೇ ಇರಬಹುದು. ನನಗಂತೂ ಅದು ಇಷ್ಟ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ. ದೇವಯ್ಯ ಸ್ಟ್ಯಾಂಡ್‌ಬೈ, ಯಾರಾದ್ರೂ ಹಿಂದೆ ಉಳಿದ್ರೆ ಮಾತ್ರ ಹೋಗಬೇಕಿತ್ತು. ಆದ್ರೂ ಹೋದರು. ಅವರದು ಫ್ರಾನ್ಸ್‌ನ ಮಿಸ್ಟೇರ್. ಎದುರಾದದ್ದು ಅಮೆರಿಕದ ಸ್ಟಾರ್‌ಫೈಟರ್, ಶಬ್ದಕ್ಕಿಂತ ದುಪ್ಪಟ್ಟು ವೇಗದ್ದು. ಕಾದಾಟದಲ್ಲಿ ಆ ಸ್ಟಾರ್‌ಫೈಟರ್ ಉರುಳಿತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ವಾಪಸ್ ಬರಲಿಲ್ಲ.

ಘೋಷವಾಕ್ಯ ಒಗ್ಗಟ್ಟಿನದು, ಕಾದಾಡಿದ್ದು ಒಬ್ಬರೇ. ನೋಡಿದ್ದೀನಿ ಅಂತ ಹೇಳೋಕೆ ತಂಡದವರು ಯಾರೂ ಪಕ್ಕದಲ್ಲಿರಲಿಲ್ಲ. ಮನೆಯವರಿಗೆ ಸಿಕ್ಕಿದ್ದು 'ಕಾಣೆಯಾಗಿದ್ದಾರೆ' ಅನ್ನೋ ಸುದ್ದಿ ಮಾತ್ರ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕ್ ವಾಯುಪಡೆ ಬಗ್ಗೆ ಬರೆದ ಪುಸ್ತಕದಿಂದ ವಿಷಯ ಹೊರಗೆ ಬಂತು. ಅಂದ್ರೆ ಸಾಕ್ಷಿ ಬಂದಿದ್ದು ಎದುರಾಳಿ ಕಡೆಯಿಂದ! ಆಮೇಲೆ, ಯುದ್ಧದ ವೇಳೆ ಈ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದ ಓ.ಪಿ. ತನೇಜಾ ದೇವಯ್ಯನವರ ಪರ ವಾಯುಪಡೆಗೆ ಪತ್ರ ಬರೆದರು. ಬ್ಯಾಡ್ಜ್ ಮೇಲಿನ 'ಏಕತೆ' ನನಗೆ ಕಾಣೋದು ಆ ಪತ್ರದಲ್ಲಿ.

1988ರಲ್ಲಿ, 23 ವರ್ಷ ಆದ ಮೇಲೆ, ಮಹಾವೀರ ಚಕ್ರ ಬಂತು. ಸ್ವೀಕರಿಸಿದ್ದು ಪತ್ನಿ ಸುಂದರಿ ದೇವಯ್ಯ.