ಪೇಟೆಯಿಂದ ಬಡಾವಣೆಗೆ

ಸಾಲ ಸಿಕ್ಕಿ ಕಾರು ಕೈಗೆಟುಕಿದ್ದರಿಂದಲೇ ಬೆಂಗಳೂರು ಕಾರಿನ ಊರಾಯಿತು ಎನ್ನುವುದು ಅರ್ಧ ಸತ್ಯ. ಮನೆ, ದುಡಿಮೆ, ಸಂತೆಗಳನ್ನು ಒಂದರಿಂದ ಒಂದು ದೂರ ಎಳೆದದ್ದು ಅದಕ್ಕಿಂತ ಬಹಳ ಹಿಂದಿನ ಕತೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂಬ ಪೇಟೆಗೆ ಉತ್ತರ-ದಕ್ಷಿಣಕ್ಕೆ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಪೂರ್ವ-ಪಶ್ಚಿಮಕ್ಕೆ ಚಿಕ್ಕಪೇಟೆ. ಇವೆರಡರ ಸುತ್ತಲೇ ಅರಳೆಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೆಪೇಟೆಗಳು. ಮುಂದೆ ಜಗಲಿ, ಅದಕ್ಕೆ ಅಂಟಿಕೊಂಡು ಅಂಗಡಿ, ಹಿಂದೆಯೋ ಅಟ್ಟದ ಮೇಲೋ ಸಂಸಾರ. ನೇಕಾರರ ಮನೆಯಲ್ಲಂತೂ ಮಗ್ಗದ ಗುಂಡಿ ಇದ್ದಲ್ಲೇ ಊಟ, ನಿದ್ದೆ. ದಾರಿಹೋಕರ ಕಣ್ಣಿಗೆ ಬೀಳುವುದೇ ವ್ಯಾಪಾರಕ್ಕೆ ಬಂಡವಾಳವಾಗಿದ್ದುದರಿಂದ ಬೀದಿ ಬೆಳಗಿನಿಂದ ರಾತ್ರಿಯವರೆಗೆ ಜೀವಂತವಾಗಿರುತ್ತಿತ್ತು. ಅದನ್ನು ಕಳೆಗಟ್ಟಿಸಲು ಯಾರೂ ಯೋಜನೆ ಹಾಕಬೇಕಿರಲಿಲ್ಲ.

1809ರಲ್ಲಿ ಬ್ರಿಟಿಷರು ದಂಡು ಕಟ್ಟಿದಾಗ ಬೇರೊಂದು ಆದರ್ಶ ಬಂತು: ಗದ್ದಲದಿಂದ ದೂರ, ಸುತ್ತ ಕಾಂಪೌಂಡು, ನಡುವೆ ಬಂಗಲೆ, ಓಡಾಟಕ್ಕೆ ಕುದುರೆಗಾಡಿ. ಗಾಡಿಯಿದ್ದವನಿಗೆ ದೂರವೇ ಅಂತಸ್ತು. ಪೇಟೆಯನ್ನು ಹೊಗಳುವವರಿಗೆ 1898ರ ಪ್ಲೇಗನ್ನು ನೆನಪಿಸುವವರಿದ್ದಾರೆ, ನೆನಪಿಸಲೇಬೇಕು. ಇಕ್ಕಟ್ಟಿನ ಓಣಿಗಳಲ್ಲಿ ಜನ ಹುಳುಗಳಂತೆ ಸತ್ತರು. ಆದರೆ ಇಲಿ ಹೆಚ್ಚಿದ್ದು, ಚರಂಡಿ ಕೆಟ್ಟದ್ದು, ಗಾಳಿ-ಬೆಳಕು ಇಲ್ಲದ್ದು ಇವೆಲ್ಲ ಅಂಗಡಿಯ ಮೇಲೆ ಮನೆ ಇದ್ದುದರಿಂದ ಬಂದವಲ್ಲ. ಸಾಕ್ಷಿ ಬೇಕೆಂದರೆ ಪ್ಲೇಗಿನ ನಂತರ ತುಂಬಿಕೊಂಡ ಬಸವನಗುಡಿ, ಮಲ್ಲೇಶ್ವರಗಳನ್ನೇ ನೋಡಿ: ಅಗಲವಾದ ರಸ್ತೆ, ಹಿಂದೆ ಸಂದಿ, ಮನೆಗೆ ಬೆಳಕು, ಆದರೂ ಗಾಂಧಿ ಬಜಾರು, ಎಂಟನೇ ಕ್ರಾಸು, ಗುಡಿ, ಶಾಲೆ ಎಲ್ಲ ಕಾಲಳತೆಯಲ್ಲೇ. ಆರೋಗ್ಯಕ್ಕೆ ಊರನ್ನು ಚೆದುರಿಸಬೇಕಿರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಪೇಟೆಗಳು ಬಹುಪಾಲು ಜಾತಿಯ ಕೇರಿಗಳೂ ಆಗಿದ್ದವು. ಎಲ್ಲರೂ ಎಲ್ಲೆಡೆ ಸಲೀಸಾಗಿ ಕಾಲಿಡುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿ ಬರುವುದನ್ನು ಇದಕ್ಕೆ ಉತ್ತರವೆಂದು ಹೇಳುವುದುಂಟು, ಆದರೆ ವರ್ಷಕ್ಕೊಂದು ರಾತ್ರಿಯ ಸೌಹಾರ್ದ ದಿನದ ಲೆಕ್ಕಕ್ಕೆ ಸಾಲದು. ಹಾಗೆಂದು ಜಾತಿಯನ್ನು ಕಾರು ಒಡೆಯಲಿಲ್ಲ. ಬಡಾವಣೆಗಳೂ ಅದನ್ನು ಜೊತೆಗೇ ಕೊಂಡೊಯ್ದವು. ಹಳೆಯ ಪೇಟೆಯಿಂದ ನಾವು ಎರವಲು ಪಡೆಯಬೇಕಾದದ್ದು ಕೇರಿಯನ್ನಲ್ಲ, ಕೆಲಸ-ವಾಸಗಳ ನೆರೆಯನ್ನು.

1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದ ಮೇಲೆ ಊರೆಂದರೆ ಸೈಟಾಯಿತು. ವಾಸ ಬನಶಂಕರಿಯಲ್ಲಿ, ನೌಕರಿ ವೈಟ್‌ಫೀಲ್ಡಿನಲ್ಲಿ ಎಂದಾದ ಮೇಲೆ ಕಾರು ಕೊಳ್ಳುವವನನ್ನು ದೂರಿ ಫಲವಿಲ್ಲ. ಊರು ಇಷ್ಟು ಬೆಳೆದ ಮೇಲೆ ನಡಿಗೆಯ ಮಾತೇಕೆ ಎಂದು ಕೇಳಬಹುದು. ದೂರದ ಪಯಣಕ್ಕೆ ರೈಲು, ಬಸ್ಸು ಬೇಕೇ ಬೇಕು. ಹಾಲು, ಔಷಧಿ, ಮಕ್ಕಳ ಶಾಲೆಗೂ ಸ್ಟೀರಿಂಗ್ ಹಿಡಿಯಬೇಕಾದದ್ದು ಮಾತ್ರ ನಕ್ಷೆಯ ತಪ್ಪು. 2017ರಿಂದ ಚಿಕ್ಕಪೇಟೆಯ ನೆಲದಡಿಯಲ್ಲೇ ಮೆಟ್ರೊ ನಿಲ್ಲುತ್ತಿದೆ. ಯಲಚೇನಹಳ್ಳಿಯಲ್ಲಿ ಹತ್ತಿದವರು ಇಲ್ಲಿಳಿದು ಸೀರೆ ಅಂಗಡಿಗೆ ನಡೆದೇ ಹೋಗುತ್ತಾರೆ. ಆ ಓಣಿಗಳಲ್ಲಿ ಕಾರು ನಿಲ್ಲಿಸಲು ಜಾಗವೂ ಇಲ್ಲ, ವ್ಯಾಪಾರ ನಿಂತದ್ದೂ ಇಲ್ಲ.